ಅರವತ್ತಮೂರು ಗಂಟಿನ ಏಪ್ರನ್

“ನೀನು ನಿಶ್ಚಿಂತೆಯಾಗಿ ಹೋಗು ಅಕ್ಕ! ನನಗೇನು ಕಡಿಮೆ? ಮೂವತ್ತನಾಲ್ಕು ವರ್ಷ ಒಂದು ಮಿಲ್ಲಿನ ಬಟ್ಟೇನೆಲ್ಲ ಈ ಎರಡು ಕಣ್ಣಲ್ಲಿ ಕಾಯ್ದವನು ನಾನು. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನಾಲ್ಕು ಬಳ್ಳಿ, ಇದೂ ಒಂದು ಸಂಸಾರಾನಾ? ಎಡಗೈಯಲ್ಲಿ ನಡೆಸ್ತೀನಿ!”

ಅಕ್ಕನ ಮದುವೆಯ ದಿನ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ನಿಂತು ಗಂಟು ಸಾಹೇಬರು ಮಾಡಿದ ಘೋಷಣೆ ಇದು. ಕೇಳಲು ಇದ್ದವರು ಮೂರೇ ಜನ. ಅದರಲ್ಲೂ ಒಬ್ಬರು ಬೇರೆ ಯಾರದೋ ಮದುವೆಗೆ ಬಂದವರು. ಆದರೂ ಸಾಹೇಬರ ದನಿ ಸಾವಿರ ಜನರ ಸಭೆಗೆ ತಕ್ಕಂತಿತ್ತು.

ಗಂಟು ಸಾಹೇಬರು ಅನ್ನುವುದು ಮಿಲ್ಲಿನವರು ಇಟ್ಟ ಹೆಸರು. ಹತ್ತಿ ಬಟ್ಟೆಯ ಮಿಲ್ಲಿನಲ್ಲಿ ಅವರದು ತಪಾಸಣೆಯ ಕೆಲಸ. ಓರೆ ಮೇಜಿನ ಮೇಲೆ, ದೀಪದ ಬೆಳಕಿನಲ್ಲಿ ಜಾರಿಬರುವ ಬಟ್ಟೆಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಬೇಕು. ನೂಲು ಎಲ್ಲಿ ಗಂಟಾಗಿದೆಯೋ ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಹಾಕಬೇಕು. ಕೊನೆಗೆ ಅಂಚಿನ ಒಳಮೈಯಲ್ಲಿ ನೀಲಿ ಪೆನ್ಸಿಲಿನಿಂದ ದೋಷ ಎಷ್ಟೆಂದು ಬರೆದು, ‘ಪಾಸ್’ ಅಥವಾ ‘ತಿರಸ್ಕೃತ’ ಎಂದು ತೀರ್ಪು ಕೊಡಬೇಕು. ಸಾಹೇಬರ ಕೈಯಲ್ಲಿ ‘ಪಾಸ್’ ಬರೆಸಿಕೊಂಡ ಬಟ್ಟೆ ಬಹಳ ಅಪರೂಪ. ನಿವೃತ್ತಿಯಾಗಿ ಬರುವಾಗ ಆ ನೀಲಿ ಪೆನ್ಸಿಲನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅಭ್ಯಾಸವೂ ಅದರ ಜೊತೆಗೇ ಬಂದಿತ್ತು.

ತಂದೆತಾಯಿ ಬೇಗ ಹೋದ ಮೇಲೆ ಅವರನ್ನು ಸಾಕಿದವಳು ಅಕ್ಕ. ಸಾಹೇಬರು ಮದುವೆಯಾಗಲಿಲ್ಲ, ನೋಡಿದ ಕಡೆಯಲ್ಲೆಲ್ಲ ಏನಾದರೊಂದು ದೋಷ ಕಂಡಿತು. ಅಕ್ಕನೂ ಆಗಲಿಲ್ಲ, ಇಂಥ ತಮ್ಮನನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು? ಅವಳಿಗೆ ಅರವತ್ತೊಂದಾಯಿತು, ಇವರಿಗೆ ಐವತ್ತೆಂಟು. ಇನ್ನು ಕೊನೆಯವರೆಗೂ ಹೀಗೇ ಎಂದು ಸಾಹೇಬರು ಹಾಯಾಗಿದ್ದಾಗ ಗೋಡೆ ಗಡಿಯಾರ ಕೆಟ್ಟಿತು. ಅಕ್ಕ ಅದನ್ನು ಎಂಟು ಸ್ಟಾಪು ಆಚೆಯ ರಿಪೇರಿ ಅಂಗಡಿಗೆ ಒಯ್ದಳು. ಆರು ತಿಂಗಳಲ್ಲಿ ಅದೇ ಗಡಿಯಾರ ನಾಲ್ಕು ಸಲ ರಿಪೇರಿಗೆ ಹೋಯಿತು! ಎಳ್ಳಿನಷ್ಟು ಗಂಟನ್ನು ಮೇಜಿನ ಆಚೆ ತುದಿಯಿಂದ ಹಿಡಿಯುವ ಸಾಹೇಬರ ಕಣ್ಣಿಗೆ ಇದೊಂದು ಬೀಳಲಿಲ್ಲ.

ಬಿದ್ದಾಗ ತಡವಾಗಿತ್ತು. ಪಿತ್ತ ನೆತ್ತಿಗೇರಿ, ಮದುವೆಗೆ ಒಂದು ವಾರವಿರುವಾಗ ಅವರು ಭಾವನಾಗಲಿದ್ದ ಆ ಗಡಿಯಾರ ರಿಪೇರಿಯವರನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿದರು. ಎಡ ಭುಜ ಇಳಿದಿದೆ. ಒಂದು ಕಣ್ಣು ಕಿರಿದು ಮಾಡುತ್ತಾರೆ. ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡುತ್ತಾರೆ. ಹೀಗೆ ಒಟ್ಟು ಹನ್ನೊಂದು ದೋಷಗಳ ಪಟ್ಟಿಯನ್ನು ಅಕ್ಕನ ಮುಂದೆ ಗಟ್ಟಿಯಾಗಿ ಓದಿದರು. ಅಕ್ಕ ಹನ್ನೊಂದನ್ನೂ ಕೇಳಿಸಿಕೊಂಡಳು.

“ಮುಗೀತಾ? ಈಗ ನಾನು ಹೇಳ್ತೀನಿ ಕೇಳು. ಅವರಲ್ಲಾಗಲಿ, ಅವರು ಕೊಟ್ಟಿದ್ದರಲ್ಲಾಗಲಿ ಇನ್ನೊಂದೇ ಒಂದು ತಪ್ಪು ತೆಗೆದೆ ಅಂದ್ರೆ, ಈ ಮನೆ ಮೆಟ್ಟಿಲು ನಾನು ಹತ್ತಲ್ಲ.”

ಅಕ್ಕ ತಮಾಷೆಗೆ ಹೇಳುವ ದನಿ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಇದು ಆ ದನಿಯಾಗಿರಲಿಲ್ಲ.

ಅದಕ್ಕೇ ಮದುವೆಯ ದಿನ ಭಾವ ಗಂಟಲು ಸರಿಮಾಡಿಕೊಂಡು “ಇದು ನಿಮಗೆ” ಎಂದು ಒಂದು ರಟ್ಟಿನ ಡಬ್ಬಿ ಕೈಗಿತ್ತಾಗ ಸಾಹೇಬರು ಹಲ್ಲು ಕಚ್ಚಿ, “ತುಂಬಾ ಚೆನ್ನಾಗಿದೆ!” ಅಂದರು. ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ ಅನ್ನುವುದು ಬೇರೆ ಮಾತು.

ಮೊದಲ ವಾರ ರಾಜ್ಯಭಾರ ಸುಸೂತ್ರವಾಗಿ ನಡೆಯಿತು. ಎರಡನೆಯ ವಾರ ಸಾಹೇಬರಿಗೆ ಒಂದು ಸತ್ಯದ ಅರಿವಾಯಿತು. ಊಟಕ್ಕೆ ಉಪ್ಪು ಜಾಸ್ತಿಯಾಯಿತು ಎಂದು ಗೊಣಗಬೇಕಾದರೆ ಎದುರಿಗೆ ಒಬ್ಬರು ಕೂತಿರಬೇಕು. ತಾವೇ ಬೇಯಿಸಿದ್ದರಲ್ಲಿ ತಾವೇ ತಪ್ಪು ತೆಗೆದು ಯಾರಿಗೆ ವರದಿ ಒಪ್ಪಿಸುವುದು? ರೇಡಿಯೋದಲ್ಲಿ ವಾರ್ತೆ ಓದುವಾಕೆ “ನಮಸ್ಕಾರ” ಅಂದರೆ ಇವರೂ “ನಮಸ್ಕಾರ, ನಮಸ್ಕಾರ” ಅನ್ನತೊಡಗಿದರು. ಒಂದು ಸಂಜೆ ಕೈ ತನ್ನಷ್ಟಕ್ಕೆ ಎರಡು ಲೋಟ ಚಹಾ ಸೋಸಿತು. ಎರಡನೆಯದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಅಕ್ಕನ ಕುರ್ಚಿಯಲ್ಲಿ ಕೂತು ಅದನ್ನೂ ಕುಡಿದರು, ಅವಳಿಗೆ ಬೇಕಾದಷ್ಟು ಸಕ್ಕರೆ ಹಾಕಿಯೇ.

ಅಕ್ಕ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಳು.

“ಹೇಗಿದ್ದೀಯೋ?”

“ರಾಜನ ಹಾಗೆ!”

“ಭಾನುವಾರ ಊಟಕ್ಕೆ ಬಾರೋ. ಅವರೂ ಕೇಳ್ತಾ ಇರ್ತಾರೆ.”

“ಎಲ್ಲಿ ಪುರಸೊತ್ತು ಅಕ್ಕ? ಕೈತುಂಬಾ ಕೆಲಸ!”

ಫೋನ್ ಇಟ್ಟ ಮೇಲೆ ಆ ಕೈತುಂಬಾ ಕೆಲಸ ಎಲ್ಲಿದೆ ಎಂದು ಮನೆಯೆಲ್ಲ ಹುಡುಕುತ್ತಿದ್ದರು. ಮುಂದಿನ ಸಲ ಕರೆದರೆ ಹೋಗಿಯೇಬಿಡಬೇಕು ಎಂದು ಪ್ರತಿ ಸಲವೂ ನಿರ್ಧಾರ ಮಾಡುತ್ತಿದ್ದರು. ಕರೆದಾಗ ಹಾಳು ಬಾಯಿ ಮತ್ತೆ ಪುರಸೊತ್ತಿಲ್ಲ ಅನ್ನುತ್ತಿತ್ತು. ಮೂರು ತಿಂಗಳು ಹೀಗೇ ಕಳೆದವು. ಅಕ್ಕ ಬರಲಿಲ್ಲ, ಇವರು ಹೋಗಲಿಲ್ಲ, ಮನೆ ಮಾತ್ರ ದಿನದಿನಕ್ಕೆ ದೊಡ್ಡದಾಗುತ್ತಾ ಹೋಯಿತು.

ಅಂಥ ಒಂದು ಸೋಮವಾರದ ಸಂಜೆ, ಮಾಡಲು ಏನೂ ಇಲ್ಲದೆ, ಸಾಹೇಬರು ಆ ರಟ್ಟಿನ ಡಬ್ಬಿಯನ್ನು ಬಿಚ್ಚಿದರು.

ಒಳಗೆ ಬೂದಿ ಬಣ್ಣದ ಒಂದು ಏಪ್ರನ್. ಮೊಣಕಾಲು ಮುಟ್ಟುವಷ್ಟು ಉದ್ದ, ಮುಂದೆ ದೊಡ್ಡ ಜೇಬು, ಕುತ್ತಿಗೆಗೆ ಹೊಲಿದ ಪಟ್ಟಿ, ಸೊಂಟಕ್ಕೆ ಎರಡು ಲಾಡಿ. ಜೊತೆಗೊಂದು ಚೀಟಿ: ‘ಅಗಸೆ ನಾರಿನ ಅಪ್ಪಟ ಲಿನನ್. ಕಡಿಮೆ ನೀರಿನಲ್ಲಿ ಬೆಳೆದದ್ದು, ಬಣ್ಣ ಕಾಣದ್ದು. ಒಗೆದಷ್ಟೂ ಮೆತ್ತಗಾಗುತ್ತದೆ. ವರ್ಷಗಟ್ಟಲೆ ಬಾಳುತ್ತದೆ, ಬಾಳಿ ಮುಗಿದ ಮೇಲೆ ಮಣ್ಣಿಗೆ ಹಾಕಿದರೆ ಮಣ್ಣಾಗುತ್ತದೆ. ಅಡುಗೆಮನೆಗೂ ಕೈತೋಟಕ್ಕೂ ನಿಮ್ಮ ನಿತ್ಯದ ಸಂಗಾತಿ.’

“ನಿತ್ಯದ ಸಂಗಾತಿ!” ಸಾಹೇಬರು ಗೋಡೆಗೆ ಹೇಳಿದರು. “ಇದ್ದ ಅಕ್ಕನನ್ನ ಕರ್ಕೊಂಡು ಹೋಗಿ, ಬದಲಿಗೆ ಏಪ್ರನ್ ಕೊಟ್ಟಿದ್ದಾರೆ ಮಹಾನುಭಾವರು!”

ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಅದನ್ನು ಕಂಡಿತು. ಎದೆಯ ಭಾಗದಲ್ಲಿ, ಎಡಕ್ಕೆ, ಒಂದು ಗಂಟು. ಅದರ ಪಕ್ಕದಲ್ಲಿ ಇನ್ನೊಂದು! ಜೇಬಿನ ಮೇಲೆ ಸಾಲಾಗಿ ಮೂರು! ಮೂರು ತಿಂಗಳಿಂದ ಜೋಲುಬಿದ್ದಿದ್ದ ಸಾಹೇಬರ ಬೆನ್ನು ನೆಟ್ಟಗಾಯಿತು. ಮೇಜಿನ ಮೇಲೆ ಬಟ್ಟೆ ಹರಡಿದರು, ದೀಪ ಹತ್ತಿರಕ್ಕೆಳೆದರು, ಸೀಮೆಸುಣ್ಣ ಹುಡುಕಿದರು. ಸೋಮವಾರ ಸಂಜೆ ಹದಿನೆಂಟು. ಮಂಗಳವಾರ ಇಪ್ಪತ್ತೇಳು. ಬುಧವಾರ ಹದಿನೆಂಟು. ಒಟ್ಟು ಅರವತ್ತಮೂರು! ಆ ಮೂರು ಸಂಜೆ ಹೇಗೆ ಸರಿದವೆಂದೇ ಗೊತ್ತಾಗಲಿಲ್ಲ, ರೇಡಿಯೋ ಹಾಕುವುದೂ ಮರೆತುಹೋಗಿತ್ತು. ಕೊನೆಗೆ ಕೆಳ ಅಂಚಿನ ಒಳಮೈಯಲ್ಲಿ ನೀಲಿ ಪೆನ್ಸಿಲಿನಿಂದ ದಪ್ಪಗೆ ಬರೆದರು: ‘ದೋಷ 63. ತಿರಸ್ಕೃತ.’ ಪೆನ್ಸಿಲನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಕೈ ಕೊಡವಿಕೊಂಡರು.

ಗುರುವಾರ ಔದಾರ್ಯ ಉಕ್ಕಿತು. ಮಿಲ್ಲಿನಲ್ಲಿ ತಿರಸ್ಕೃತವಾದ ಬಟ್ಟೆ ರಿಪೇರಿ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿನ ಹೆಂಗಸರು ಚಿಮಟದಿಂದ ಗಂಟು ಕಿತ್ತು, ಮಟ್ಟಸ ಮಾಡಿ ಕಳಿಸುತ್ತಿದ್ದರು. ಸಾಹೇಬರು ಅದನ್ನು ಮೂವತ್ತನಾಲ್ಕು ವರ್ಷ ದೂರದಿಂದ ನೋಡಿದವರು. ಅದೇನು ಬ್ರಹ್ಮವಿದ್ಯೆಯೇ! ಚಿಮಟ ಹಿಡಿದು ಅರವತ್ತಮೂರು ಗಂಟುಗಳನ್ನೂ ಒಂದೊಂದಾಗಿ ಕಿತ್ತರು. ಸೀಮೆಸುಣ್ಣ ಹೋಗಲೆಂದು ಬಕೆಟ್ಟಿನಲ್ಲಿ ಅದ್ದಿ, ಚೆನ್ನಾಗಿ ಉಜ್ಜಿ, ಒಗೆದು ಹಿತ್ತಲ ತಂತಿಗೆ ಹರವಿದರು.

ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದರೆ ಏಪ್ರನ್ನಿನ ಮೂಲಕ ಪಕ್ಕದ ಮನೆಯ ಕಿಟಕಿ ಕಾಣುತ್ತಿತ್ತು.

ಹತ್ತಿಯ ಬಟ್ಟೆಯಲ್ಲಿ ಗಂಟು ಮೇಲೆ ಕೂತಿರುತ್ತದೆ, ಕಿತ್ತರೆ ಬರುತ್ತದೆ. ಲಿನನ್ನಿನಲ್ಲಿ ಆ ಗಂಟೇ ನೂಲು. ಅದನ್ನು ಕಿತ್ತರೆ ನೂಲೇ ಸವೆದು, ಒಗೆತಕ್ಕೆ ಬಾಯಿ ಬಿಡುತ್ತದೆ. ಲಿನನ್ ಕಾಣದ ಮಿಲ್ಲಿನಲ್ಲಿ ಹಣ್ಣಾದ ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಆ ಚೀಟಿಯನ್ನು ಹುಡುಕಿ ತಿರುಗಿಸಿದರು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು: ‘ನೂಲಿನಲ್ಲಿ ಕಾಣುವ ಸಣ್ಣ ಗಂಟುಗಳು ಲಿನನ್ನಿನ ಸಹಜ ಗುಣ, ದೋಷವಲ್ಲ.’

ಜೀವಮಾನವೆಲ್ಲ ಬಟ್ಟೆಯ ಎರಡೂ ಮಗ್ಗುಲು ನೋಡಿ ತೀರ್ಪು ಕೊಟ್ಟ ಮನುಷ್ಯ ಒಂದು ಚೀಟಿಯ ಎರಡು ಮಗ್ಗುಲು ನೋಡಿರಲಿಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಏನೋ, ಅವರು ಕೊಟ್ಟ ಏಪ್ರನ್ ಹಾಕ್ಕೋತಿದ್ದೀಯಾ?”

ಸಾಹೇಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದರು. “ದಿನಾ ಹಾಕ್ಕೋತೀನಿ! ಅಡುಗೆಗೂ ಅದೇ, ಹಿತ್ತಲಿಗೂ ಅದೇ! ಮೈಮೇಲಿಂದ ಇಳಿಸೋದೇ ಇಲ್ಲ!”

“ಹೌದಾ?” ಅಕ್ಕನ ದನಿ ಅರಳಿತು. “ನಿನಗೆ ಹಿಡಿಸುತ್ತೋ ಇಲ್ಲವೋ ಅಂತ ಪಾಪ, ಅವರಿಗೆ ಒಂದೇ ಯೋಚನೆ. ನೀನಂತೂ ಬರೋನಲ್ಲ. ಭಾನುವಾರ ನಾವೇ ಬರ್ತೀವಿ. ಹಾಕ್ಕೊಂಡಿರು, ಅವರು ನೋಡಲಿ.”

ಮೂರು ತಿಂಗಳಿಂದ ಕಾದಿದ್ದ ಮಾತು ಬಂದಿತ್ತು, ಬಂದದ್ದು ಎಂಥ ಹೊತ್ತಿನಲ್ಲಿ! ಬೇಕೆಂತಲೇ ಹರಿದಿದ್ದಾನೆ ಎಂದು ಅಕ್ಕ ಅಂದುಕೊಂಡರೆ ಮುಗಿಯಿತು. ಮೆಟ್ಟಿಲು ಹತ್ತಿದವಳು ಹಾಗೇ ಇಳಿದು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಸಾಹೇಬರಿಗೆ ನಿಜವಾಗಿ ಭಯವಾಯಿತು.

ಅಕ್ಕ ಬಿಟ್ಟುಹೋಗಿದ್ದ ದಾರದ ಡಬ್ಬಿ ತೆಗೆದು ಹೊಲಿಯಲು ಕೂತರು. ಒಂದೊಂದು ತೂತಿಗೂ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಎಳೆ ನೇಯ್ದು ಮುಚ್ಚಬೇಕು. ಬೆರಳಿಗೆ ಚುಚ್ಚಿಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಹತ್ತೊಂಬತ್ತನೆಯ ತೂತಿಗೆ ಕಂದು ದಾರ ಮುಗಿಯಿತು. ಉಳಿದದ್ದು ಕೆಂಪು ಮಾತ್ರ. ಶನಿವಾರ ಸಂಜೆ ಕೊನೆಯ ತೂತು ಮುಚ್ಚಿ ಹಿಡಿದು ನೋಡಿದರೆ ಏಪ್ರನ್ನಿಗೆ ದಡಾರ ಎದ್ದ ಹಾಗಿತ್ತು! ಇರಲಿ, ಕೇಳಿದರೆ ಕಸೂತಿ ಅಂದರಾಯಿತು ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡರು.

ಭಾನುವಾರ ಬೆಳಿಗ್ಗೆ ಸಾಹೇಬರು ಏಪ್ರನ್ ತೊಟ್ಟರು. ಲಾಡಿಯನ್ನು ಬೆನ್ನ ಹಿಂದೆ ಕಟ್ಟಬೇಕು, ಕಟ್ಟುವವರು ಯಾರು? ಎರಡು ಸಲ ಕಟ್ಟಿದರು, ಎರಡು ಸಲವೂ ಜಾರಿತು. ಆಗ ಮಿಲ್ಲಿನ ಅಭಿಮಾನ ಕೆರಳಿತು. ಮಗ್ಗದವರು ಹರಿದ ನೂಲಿಗೆ ಹಾಕುವ ಒಂದು ಗಂಟಿದೆ, ಸಣ್ಣದು, ಗಟ್ಟಿ. ಹಾಕಿದರೆ ಜಾರುವ ಮಾತಿಲ್ಲ. ಸಾಹೇಬರು ಕಣ್ಣು ಮುಚ್ಚಿ, ಬೆನ್ನ ಹಿಂದೆ, ಮೂರೇ ಕ್ಷಣದಲ್ಲಿ ಅದನ್ನು ಹಾಕಿ, “ನೋಡು ಮತ್ತೆ!” ಅಂದರು. ನೋಡಲು ಯಾರೂ ಇರಲಿಲ್ಲ.

ಆಲೂಗಡ್ಡೆ ಬೇಯಲು ಇಟ್ಟು, ಹುರುಳಿಕಾಯಿ ಬಿಡಿಸಿ, ಬಳ್ಳಿಗೆ ನೀರು ಬಿಡಲು ಹಿತ್ತಲಿಗೆ ಹೋದರು. ನಲ್ಲಿ ತಿರುಗಿಸಿದ್ದೇ ತಡ, ಪೈಪು ಕೈಯಿಂದ ಹಾರಿ, ಗಿರಕಿ ಹೊಡೆದು, ಸಾಹೇಬರ ಬೆನ್ನಿಗೆ ಅಭಿಷೇಕ ಮಾಡಿತು. ಪೈಪು ಹಿಡಿಯಲು ಬಗ್ಗಿದಾಗ ಏಪ್ರನ್ನಿನ ಕೆಳ ಅಂಚು ಮಡಚಿಕೊಂಡಿತು. ಅಲ್ಲಿ, ಒಗೆತಕ್ಕೆ ಜಗ್ಗದೆ, ನೀಲಿಯಾಗಿ ಹೊಳೆಯುತ್ತಿತ್ತು: ‘ದೋಷ 63. ತಿರಸ್ಕೃತ.’

ಸಾಹೇಬರು ಗರಬಡಿದವರಂತೆ ನಿಂತರು. ಗಂಟೆ ಹನ್ನೊಂದೂವರೆ. ಹನ್ನೆರಡಕ್ಕೆ ಅಕ್ಕ ಬರುತ್ತಾಳೆ. ಬಿಚ್ಚಬೇಕು! ಅಂಚನ್ನು ಮಡಚಿ ಹೊಲಿಯಬೇಕು! ಕೈ ಹಿಂದೆ ಹಾಕಿದರು. ನೀರು ಕುಡಿದ ಲಾಡಿ ಉಬ್ಬಿ, ಗಂಟು ಹುಣಸೆಬೀಜದಂತೆ ಗಟ್ಟಿಯಾಗಿತ್ತು. ಎಳೆದರು, ಚಿವುಟಿದರು, ಬಾಗಿಲ ಹಿಡಿಗೆ ಉಜ್ಜಿದರು, ಜಗ್ಗಲಿಲ್ಲ. ಕತ್ತರಿ ಇತ್ತು, ಆದರೆ ಭಾವ ಕೊಟ್ಟ ಬಟ್ಟೆಗೆ ಅರವತ್ತನಾಲ್ಕನೆಯ ಗಾಯ ಮಾಡಲು ಧೈರ್ಯವಾಗಲಿಲ್ಲ. ಉಳಿದದ್ದು ಒಂದೇ ದಾರಿ. ಬನಿಯನ್ ಬಿಚ್ಚುವಂತೆ ಕೆಳಗಿನಿಂದ ಮೇಲಕ್ಕೆ ಎಳೆದುಬಿಡುವುದು!

ಎಳೆದರು. ಹೊಟ್ಟೆ ದಾಟಿತು. ಎದೆ ದಾಟಿತು. ಕಂಕುಳಿಗೆ ಬಂದು ಕಚ್ಚಿಕೊಂಡಿತು. ಎರಡೂ ಕೈ ಮೇಲೆ, ತಲೆ ಏಪ್ರನ್ನಿನ ಒಳಗೆ, ಕಣ್ಣಮುಂದೆ ಬೂದಿ ಬಣ್ಣದ ಲೋಕ. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಆಲೂಗಡ್ಡೆ ತಳ ಹಿಡಿಯುವ ವಾಸನೆ ಬಂತು. ಆ ಕತ್ತಲಲ್ಲಿ ನಿಂತಾಗ ಸಾಹೇಬರಿಗೆ ಹೊಳೆಯಿತು: ಒಂದು ಲಾಡಿ ಬಿಚ್ಚಲೂ ಮನೆಯಲ್ಲಿ ಜನ ಬೇಕು. ಕರೆಗಂಟೆ ಹೊಡೆದುಕೊಂಡಿತು.

“ಲೋ, ಬಾಗಿಲು ತೆಗಿಯೋ! ಏನೋ ಸೀದ ವಾಸನೆ!”

ಗೋಡೆ ತಡವುತ್ತಾ, ಅಕ್ಕನ ಕುರ್ಚಿಗೆ ಮೊಣಕಾಲು ಬಡಿಸಿಕೊಂಡು, ಬಾಗಿಲ ಬಳಿ ಬಂದರು. ಪುಣ್ಯಕ್ಕೆ ಬಾಗಿಲಿನ ಚಿಲಕ ಮೇಲಿತ್ತು. ಆ ಹೊತ್ತಿನಲ್ಲಿ ಅವರ ಕೈ ಎಟಕುವ ಜಾಗ ಅದೊಂದೇ. ಬಾಗಿಲು ತೆರೆಯಿತು.

ಅಕ್ಕ ಕಂಡದ್ದು ಇಷ್ಟು: ತಲೆಯಿಲ್ಲದ ಒಂದು ದೇಹ, ಶರಣಾದವರಂತೆ ಎತ್ತಿದ ಎರಡು ಕೈ, ಒಳಮೈ ಹೊರಗಾಗಿ ತಿರುಗಿದ ಏಪ್ರನ್ನು, ಮತ್ತು ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕೆ, ನೀಲಿ ಅಕ್ಷರದ ತೀರ್ಪು.

“ದೋಷ ಅರವತ್ತಮೂರು,” ಅಕ್ಕ ನಿಧಾನವಾಗಿ ಓದಿದಳು. “ತಿರಸ್ಕೃತ.”

ಏಪ್ರನ್ನಿನ ಒಳಗೆ ಸಾಹೇಬರಿಗೆ ತಮ್ಮ ಉಸಿರಿನ ಸದ್ದಷ್ಟೇ ಕೇಳಿಸುತ್ತಿತ್ತು. ಅವಳು ಹೊರಟುಹೋದಳೇನೋ ಅನ್ನಿಸಿತು.

“ಅಕ್ಕ, ಇದ್ದೀಯಾ?”

ಯಾರೋ ದಡದಡ ಒಳಗೆ ಹೋಗಿ ಒಲೆ ಆರಿಸಿದ ಸದ್ದಾಯಿತು. ಆಮೇಲೆ ಬೆನ್ನ ಹಿಂದೆ ಗಂಟಲು ಸರಿಮಾಡಿದ ಸದ್ದು.

“ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ,” ಅಂದರು ಭಾವ. ಜೇಬಿನಿಂದ ಗಡಿಯಾರದ ಸಣ್ಣ ಚಿಮಟ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಹೇಬರ ಬೆನ್ನಿನ ಮೇಲೆ ಬಗ್ಗಿದರು. “ಅಬ್ಬಾ, ಎಂಥ ಗಂಟು! ಬಿಚ್ಚೋಕೇ ಮನಸ್ಸು ಬರ್ತಿಲ್ಲ. ಅಷ್ಟು ಅಚ್ಚುಕಟ್ಟು.”

ಒಂದು ಕೈ ಸಾಹೇಬರ ಬೆನ್ನನ್ನು ಮೆಲ್ಲಗೆ ಒತ್ತಿ ಹಿಡಿದಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಇನ್ನೊಬ್ಬರ ಕೈ ಮೈಗೆ ತಾಗಿತ್ತು. ಗಂಟು ಇನ್ನೂ ಸ್ವಲ್ಪ ತಡವಾಗಿ ಬಿಚ್ಚಲಿ ಅನ್ನಿಸಿ ಸಾಹೇಬರಿಗೇ ನಾಚಿಕೆಯಾಯಿತು.

ಗಂಟು ಬಿಚ್ಚಿತು. ಏಪ್ರನ್ ಮೇಲಕ್ಕೆ ಹೋಗಿ ಸಾಹೇಬರ ಹುಳ್ಳಗಾದ ಮುಖ ಹೊರಗೆ ಬಂತು. ಎದುರಿಗೆ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕಣ್ಣಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು.

“ಅವರು ಆಸೆಪಟ್ಟು ಕೊಟ್ಟಿದ್ದಕ್ಕೆ ಅರವತ್ತಮೂರು ತಪ್ಪಾ?”

“ತಪ್ಪು ಬಟ್ಟೇಲಿರಲಿಲ್ಲ ಅಕ್ಕ,” ಅಂದರು ಸಾಹೇಬರು. ಜಂಭದ ದನಿ ಹುಡುಕಿದರು, ಸಿಗಲಿಲ್ಲ. “ಮನೇಲಿ ಮಾತಾಡೋಕೆ ಯಾರೂ ಇರಲಿಲ್ಲ. ಗಂಟು ಎಣಿಸ್ತಾ ಕೂತೆ. ಮೂರು ಸಂಜೆ ಹೋಯ್ತು. ಆಮೇಲೆ ಕೀಳ್ತಾ ಕೂತೆ, ಆಮೇಲೆ ಹೊಲೀತಾ ಕೂತೆ. ರಾಜನ ಹಾಗೆ ಇದ್ದೀನಿ ಅಂದಿದ್ದು ಸುಳ್ಳು. ನೀನಿಲ್ಲದೆ ನನಗೆ ತುಂಬಾ ಬೇಜಾರು ಅಕ್ಕ.”

ಅಕ್ಕ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ಅಷ್ಟರಲ್ಲಿ ಭಾವ ಏಪ್ರನ್ನನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಹೊಲಿಗೆ ನೋಡುತ್ತಿದ್ದರು. ಸಾಹೇಬರು ತೀರ್ಪಿಗೆ ಕಾದು ನಿಂತರು. ತಪಾಸಣೆಯ ಮೇಜಿನ ಆ ಕಡೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವರಿಗೆ ಅಂದೇ ಗೊತ್ತಾದದ್ದು.

ಭಾವ ಗಂಟಲು ಸರಿಮಾಡಿಕೊಂಡರು. “ಕೆಂಪಿನಲ್ಲಿ ಹೊಲಿದಿರೋದು ಕಂದಿಗಿಂತ ಚೆನ್ನಾಗಿ ಬಂದಿದೆ. ಕೈ ಪಳಗಿದೆ. ನನ್ನ ಹತ್ರಾನೂ ಇಂಥದೇ ಒಂದಿದೆ, ಜೋಡಿ ತಗೊಂಡಿದ್ದೆ. ಅದರಲ್ಲಿ ಇನ್ನೂ ಜಾಸ್ತಿ ಗಂಟಿರಬೇಕು ಅಂತ ನನಗೊಂದು ಅನುಮಾನ. ಮುಂದಿನ ಭಾನುವಾರ ಬಂದು ಎಣಿಸಿಕೊಡ್ತೀರಾ? ಕೀಳೋದು ಮಾತ್ರ ಬೇಡ.”

“ಪುರಸೊತ್ತು...” ಎಂದು ಬಾಯಿ ಹಳೆಯ ಪಾಠ ಶುರುಮಾಡಿತು. ಸಾಹೇಬರು ಅದನ್ನು ಅಲ್ಲೇ ತಡೆದರು. “ಬರ್ತೀನಿ ಭಾವ. ಎಷ್ಟು ಗಂಟೆಗೆ?”

ಸಾಹೇಬರು ಒದ್ದೆ ಶರ್ಟು ಬದಲಾಯಿಸಿ ಬಂದರು, ಊಟವಾಯಿತು. ಸೀದ ಆಲೂಗಡ್ಡೆಯನ್ನು ಯಾರೂ ದೂರಲಿಲ್ಲ. ಭಾವ ಎರಡನೇ ಸಲ ಬಡಿಸಿಕೊಂಡರು. ಅದು ಸುಳ್ಳು ಹಸಿವೆಂದು ಸಾಹೇಬರಿಗೆ ಗೊತ್ತಿದ್ದರೂ ಹೇಳಲಿಲ್ಲ. ಪಾತ್ರೆ ತೊಳೆಯಲು ನಿಂತಾಗ ಅಕ್ಕ ಹಿಂದಿನಿಂದ ಬಂದು ಅವರಿಗೆ ಏಪ್ರನ್ ತೊಡಿಸಿ ಲಾಡಿ ಕಟ್ಟಿದಳು. ಬೆನ್ನಿನ ಮೇಲೆ ಏನೋ ಹರಿದಾಡಿದಂತಾಯಿತು.

“ಏನಕ್ಕ ಅದು?”

“ಲಾಡಿ ಕಟ್ತಿದ್ದೀನಿ, ಸುಮ್ನೆ ನಿಂತ್ಕೋ.”

ಸಂಜೆ ಅವರಿಬ್ಬರನ್ನೂ ಬಸ್ಸು ಹತ್ತಿಸಿ ಬಂದಾಗ ಮನೆ ಮತ್ತೆ ಖಾಲಿಯಾಗಿತ್ತು. ಆದರೆ ಈ ಸಲದ ಭಾನುವಾರಕ್ಕೂ ಮುಂದಿನ ಭಾನುವಾರಕ್ಕೂ ನಡುವೆ ಆರೇ ದಿನ. ಸಾಹೇಬರು ಒಂದೇ ಲೋಟ ಚಹಾ ಮಾಡಿಕೊಂಡು ಕುಡಿದರು.

ಸೋಮವಾರ ಬೆಳಿಗ್ಗೆ, ಹಿಂದಿನ ದಿನ ಬಿಚ್ಚಿ ಗೂಟಕ್ಕೆ ಹಾಕಿದ್ದ ಅದೇ ಶರ್ಟು ತೊಟ್ಟು ಹಾಲಿನಂಗಡಿಗೆ ಹೊರಟರು. ದಾರಿಯಲ್ಲಿ ಹಿಂದಿನಿಂದ ಬಂದವರೆಲ್ಲ ಮುಂದೆ ದಾಟಿ, ತಿರುಗಿ ನೋಡಿ ನಕ್ಕರು. ಸಾಹೇಬರೂ ಎಲ್ಲರಿಗೂ ನಕ್ಕರು. ಬೀದಿಯ ಜನ ಇಷ್ಟು ಒಳ್ಳೆಯವರೆಂದು ಇಷ್ಟು ದಿನ ತಿಳಿದೇ ಇರಲಿಲ್ಲ! ಚಿಲ್ಲರೆ ತೆಗೆಯಲು ತಿರುಗಿದಾಗ ಹಾಲಿನಂಗಡಿಯಾಕೆ ಕೂಗಿದಳು.

“ಸಾಹೇಬ್ರೇ, ಹಾಗೇ ನಿಲ್ಲಿ! ಬೆನ್ನ ಮೇಲೆ ಏನೋ ಬರೆದಿದೆ. ನೀಲಿ ಪೆನ್ಸಿಲಲ್ಲಿ, ಸುತ್ತು ಬೇರೆ ಹಾಕಿದೆ.”

“ಏನಂತ ಬರೆದಿದೆ?” ಸಾಹೇಬರು ಬೆನ್ನ ಹಿಂದೆ ಕೈ ಹಾಕಿ ತಡವಿದರು.

ಆಕೆ ಕನ್ನಡಕ ಏರಿಸಿ, ಅಂಗಡಿಗೆಲ್ಲ ಕೇಳುವಂತೆ ಓದಿದಳು: “‘ದೋಷ: ಎಣಿಸಿ ಮುಗಿಯಲಿಲ್ಲ. ಪಾಸ್.’ ಇದೇನು ಸಾಹೇಬ್ರೇ, ಪರೀಕ್ಷೆ ಕಟ್ಟಿದ್ರಾ?”

“ಹೂಂ ಕಣಮ್ಮ,” ಅಂದರು ಗಂಟು ಸಾಹೇಬರು, ಹಾಲಿನ ಪಾತ್ರೆ ಎದೆಗೊತ್ತಿಕೊಂಡು. “ಐವತ್ತೆಂಟು ವರ್ಷದಿಂದ ಕಟ್ತಾ ಇದ್ದೆ. ನಿನ್ನೆ ರಿಸಲ್ಟ್ ಬಂತು!”